ಆರು ಒಲೆಯ ಮನೆ

ಮೈಸೂರು ಜಿಲ್ಲೆಯನ್ನು ಸೀಳಿ ಚಾಮರಾಜನಗರವನ್ನು ಬೇರೆ ಜಿಲ್ಲೆ ಮಾಡಿದ ವರ್ಷ ನಮ್ಮ ಹನೂರಿನಲ್ಲಿ ಇನ್ನೊಂದು ವಿಭಜನೆಯೂ ಆಯಿತು. ಮೊದಲನೆಯದಕ್ಕೆ ಭಾಷಣವಾಯಿತು, ಪತ್ರಿಕೆಯಲ್ಲಿ ಫೋಟೋ ಬಂತು. ಎರಡನೆಯದಕ್ಕೆ ಅದ್ಯಾವುದೂ ಆಗಲಿಲ್ಲ. ಆದರೆ ನಮ್ಮ ಬೀದಿಯ ಜನ ತಲೆ ಕೆಡಿಸಿಕೊಂಡದ್ದು ಎರಡನೆಯದಕ್ಕೇ. ಜಿಲ್ಲೆ ಯಾರದ್ದಾದರೇನು, ಪಕ್ಕದ ಮನೆ ನಮ್ಮದು ತಾನೇ?

ನಾನು ಚೆನ್ನಯ್ಯ, ಆ ಬೀದಿಯಲ್ಲಿ ಹಿಟ್ಟಿನ ಮಿಲ್ಲು ಇಟ್ಟುಕೊಂಡವನು. ನನ್ನ ಮಿಲ್ಲಿಗೆ ರಾಗಿ ಬರುವುದಕ್ಕಿಂತ ಸುದ್ದಿ ಬರುವುದೇ ಹೆಚ್ಚು. ಎರಡನ್ನೂ ನುಣ್ಣಗೆ ಬೀಸಿ ಕಳಿಸುವುದು ನನ್ನ ಕಸುಬು. ನನ್ನ ಎದುರು ಮನೆಯವನೇ ಚಿಕ್ಕಸಿದ್ದಯ್ಯ. ರೇಷ್ಮೆ ಇಲಾಖೆಯಲ್ಲಿ ನೌಕರಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋಗಿ, ಅಲ್ಲಿಂದ ಹಳ್ಳಿಹಳ್ಳಿ ಸುತ್ತಿ, ಮೂರು ತಲೆಮಾರಿನಿಂದ ಹುಳು ಸಾಕುತ್ತಿರುವ ರೈತರಿಗೆ ಹುಳು ಸಾಕುವುದು ಹೇಗೆ ಅಂತ ಹೇಳಿಕೊಟ್ಟು ಬರುತ್ತಿದ್ದ. ರೈತರು ಕೈಕಟ್ಟಿ ಕೇಳುತ್ತಿದ್ದರು. ಸರ್ಕಾರದ ಸಂಬಳ ತಿನ್ನುವವನ ಮನಸ್ಸು ನೋಯಿಸಬಾರದು ಅನ್ನುವಷ್ಟು ಒಳ್ಳೆಯತನ ನಮ್ಮ ಕಡೆ ರೈತರಿಗೆ ಇದೆ.

ಒಂದು ಭಾನುವಾರ ಈತ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಕೊಳ್ಳೇಗಾಲದ ಒಬ್ಬ ಡಾಕ್ಟರ ಹತ್ತಿರ ಹೋದ. ನಿಜವಾಗಿ ಕಾಯಿಲೆ ಇದ್ದದ್ದು ತಾಯಿ ಪುಟ್ಟಮಾದಮ್ಮನಿಗೆ ಮಾತ್ರ. ಆದರೆ ಬಸ್ ಚಾರ್ಜು ಕೊಟ್ಟು ಹೋಗಿ ಒಬ್ಬರನ್ನೇ ತೋರಿಸಿಕೊಂಡು ಬರುವುದು ಚಿಕ್ಕಸಿದ್ದಯ್ಯನಿಗೆ ದಂಡ ಅನ್ನಿಸಿತು. ಡಾಕ್ಟರು ಒಳ್ಳೆಯವರು, ಒಬ್ಬೊಬ್ಬರನ್ನೂ ನೋಡಿದರು. ತಾಯಿಗೆ ಸಕ್ಕರೆ ಕಾಯಿಲೆ, ಬೆಲ್ಲ ಮುಟ್ಟಬೇಡಿ ಅಂದರು. ತಮ್ಮ ಮಾದೇಶನಿಗೆ ಹೊಟ್ಟೆಯಲ್ಲಿ ಹುಣ್ಣು, ಖಾರ ಬಿಡಿ ಅಂದರು. ಮಾದೇಶನ ಹೆಂಡತಿ ಪುಷ್ಪ ಹಸಿ ಬಾಣಂತಿ, ಬೇಳೆಗೀಳೆ ತಿಂದರೆ ಕೂಸಿಗೆ ವಾಯು ಆಗುತ್ತದೆ ಅಂದರು. ಚಿಕ್ಕಸಿದ್ದಯ್ಯನ ಮದುವೆ ವಯಸ್ಸಿನ ಮಗಳು ದೀಪ ತೀರಾ ಸಣಕಲು, ತುಪ್ಪ ಬೆಲ್ಲ ಚೆನ್ನಾಗಿ ಕೊಡಿ ಅಂದರು. ಕೊನೆಗೆ ಚಿಕ್ಕಸಿದ್ದಯ್ಯನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ, ನಿಮಗೆ ಬಿ.ಪಿ. ಇದೆ, ಉಪ್ಪು ಬಿಡಿ ಅಂದರು. ಅವನ ಹೆಂಡತಿ ಶಿವಮ್ಮನಿಗೆ ಮಾತ್ರ ಏನೂ ಇರಲಿಲ್ಲ. ಆದರೆ ಮಗಳ ಮದುವೆ ಆಗುವತನಕ ಮಾಂಸ ಮುಟ್ಟುವುದಿಲ್ಲ, ಬಾಡು ಬೆಂದ ಒಲೆಯ ಮೇಲೆ ಬೆಂದದ್ದೂ ಮುಟ್ಟುವುದಿಲ್ಲ ಅಂತ ಆಕೆ ಮಾದಪ್ಪನಿಗೆ ಹರಕೆ ಹೊತ್ತಿದ್ದಳು. ಅದನ್ನೂ ಚಿಕ್ಕಸಿದ್ದಯ್ಯ ಕಾಯಿಲೆಯ ಲೆಕ್ಕಕ್ಕೇ ಸೇರಿಸಿಕೊಂಡ.

ಇಷ್ಟನ್ನು ಬೇರೆ ಯಾರಿಗಾದರೂ ಹೇಳಿದ್ದರೆ ಮನೆಗೆ ಬಂದು ಒಂದು ವಾರ ಪಥ್ಯ ಮಾಡಿ, ಎಂಟನೇ ದಿನ ಮರೆತು ಸುಖವಾಗಿರುತ್ತಿದ್ದರು. ಆದರೆ ಇವನು ಇಲಾಖೆಯವನು. ಮನೆಗೆ ಬಂದವನೇ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ ಉಪನ್ಯಾಸ ಶುರು ಮಾಡಿದ. ನನ್ನ ಮಿಲ್ಲಿನವರೆಗೂ ಕೇಳುತ್ತಿತ್ತು.

"ಚಾಕಿ ಹುಳಕ್ಕೆ, ಅಂದ್ರೆ ಎಳೇ ಹುಳಕ್ಕೆ, ಏನ್ ಆಕ್ತೀವಿ? ಎಳೇ ಸೊಪ್ಪ ಸಣ್ಣಗೆ ಎಚ್ಚಿ ಆಕ್ತೀವಿ. ಬಲಿತ ಹುಳಕ್ಕೆ? ಕಡ್ಡಿ ಸಮೇತ ಆಕ್ತೀವಿ. ಯಕಶ್ಚಿತ್ ಹುಳ! ಅದಕ್ಕೇ ವಯಸ್ಸಿಗೆ ತಕ್ಕ ಊಟ. ಮನುಷ್ಯರು ನಾವು, ಹೆತ್ತವ್ವನಿಂದ ಹಿಡಿದು ಬಾಣಂತಿವರೆಗೂ ಒಂದೇ ಮಡಕೆಗೆ ಕೈ ಆಕೋದಾ? ಇದು ವೈಜ್ಞಾನಿಕವಾ?"

"ಅದೆಲ್ಲಾ ತಿಂದು ಹುಳ ಕೊನೇಗ ಕುದಿಯೋ ನೀರ್ಗ ಬೀಳ್ತದ ಕಣ್ಲಾ ಸಿದ್ದ," ಅಂದಳು ಪುಟ್ಟಮಾದಮ್ಮ.

ಆ ಮಾತನ್ನು ಚಿಕ್ಕಸಿದ್ದಯ್ಯ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರನೆಯ ದಿನದಿಂದಲೇ ಒಬ್ಬೊಬ್ಬರಿಗೂ ಒಂದೊಂದು ಅಡುಗೆ ಅಂತ ಅಪ್ಪಣೆಯಾಯಿತು. ಶಿವಮ್ಮ ಎರಡು ದಿನ ಮಾಡಿದಳು. ಮೂರನೇ ದಿನ ಸೌಟು ಕೆಳಗಿಟ್ಟಳು.

"ನೋಡಿ, ನನಗಿರೋದು ಎರಡು ಕೈ, ಈ ಒಲೆಗಿರೋದು ಎರಡು ಬಾಯಿ. ಒಂದಾಗೋ ಒತ್ಗ ಇನ್ನೊಂದು ಆರೋಯ್ತದ. ನಿಮ್ಮ ಇಲಾಖೆಯಿಂದ ನಾಕು ಜನ ಕರೆಸಿ."

"ಸಮಸ್ಯೆ ಕೈಯದಲ್ಲ ಕಣೇ, ಒಲೇದು," ಅಂದ ಚಿಕ್ಕಸಿದ್ದಯ್ಯ. ಮೂಲವನ್ನು ಹಿಡಿದುಬಿಟ್ಟೆ ಅನ್ನುವ ಸಂತೋಷ ಅವನ ಮುಖದಲ್ಲಿ ಕಾಣುತ್ತಿತ್ತು. ಅವತ್ತೇ ರಜೆ ಹಾಕಿ, ಹಿತ್ತಲಿನ ಹೊಂಗೆ ಮರದ ಕೆಳಗೆ ಮೂರು ಮೂರು ಕಲ್ಲು ಹೂಡಿ ಐದು ಒಲೆ ಕಟ್ಟಿದ. ಒಳಗಿನ ಒಲೆ ಶಿವಮ್ಮನ ಹರಕೆಗೆ. ಹಿತ್ತಲಿನ ಐದರಲ್ಲಿ ತಾಯಿಗೊಂದು, ತಮ್ಮನಿಗೊಂದು, ಬಾಣಂತಿಗೊಂದು, ಮಗಳಿಗೊಂದು, ತನಗೊಂದು. ಯಾರದು ಯಾವುದೆಂದು ಅದಲುಬದಲಾಗದ ಹಾಗೆ ಮಡಕೆಗಳಿಗೆ ಸುಣ್ಣದ ಬೊಟ್ಟು ಬೇರೆ ಇಟ್ಟ.

ಯೋಜನೆ ಹೇಗೆ ನಡೆಯಿತು ಅಂತ ಕೇಳಬೇಡಿ. ಪುಟ್ಟಮಾದಮ್ಮ ತನ್ನ ಸಪ್ಪೆ ಸೊಪ್ಪಿನ ಮಡಕೆಯನ್ನು ಕಣ್ಣೆತ್ತಿಯೂ ನೋಡದೆ ಮೊಮ್ಮಗಳ ಒಲೆ ಕಾಯುವ ಕೆಲಸವನ್ನು ತಾನಾಗಿ ವಹಿಸಿಕೊಂಡಳು. ಆ ಒಲೆಯ ಮೇಲೆ ತುಪ್ಪ ಬೆಲ್ಲದ ಹುರಿಹಿಟ್ಟು ಇರುತ್ತಿತ್ತು. ದೀಪ ಇನ್ನಷ್ಟು ಸಣ್ಣಗಾದಳು, ಅಜ್ಜಿ ದುಂಡಗಾದಳು. ಮಾದೇಶ ಹೊಲದಿಂದ ಹಸಿದು ಬಂದು ಯಾವ ಮಡಕೆ ಮೊದಲು ಸಿಕ್ಕಿತೋ ಅದನ್ನು ಖಾಲಿ ಮಾಡುತ್ತಿದ್ದ. ಇನ್ನು ಯೋಜನೆಯ ಕರ್ತೃವಿನ ಪಥ್ಯ ಕೊಳ್ಳೇಗಾಲದ ಬಸ್ ನಿಲ್ದಾಣದವರೆಗೆ ಮಾತ್ರ ಇರುತ್ತಿತ್ತು. ಅಲ್ಲಿ ಇಳಿದ ಕೂಡಲೇ ಎದುರಿನ ಹೋಟೆಲಿನಲ್ಲಿ ಮೆಣಸಿನಕಾಯಿ ಬೋಂಡ, ಮೇಲೆ ಚಟ್ನಿ. ಹೋಟೆಲಿನ ಉಪ್ಪಿಗೆ ಬಿ.ಪಿ. ಬರುವುದಿಲ್ಲ ಅಂತ ಇಲಾಖೆಯಲ್ಲಿ ಸಂಶೋಧನೆ ಆಗಿತ್ತೋ ಏನೋ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮನೆ ಪಾಲಾಗುವುದು ಕಾಗದದಲ್ಲಲ್ಲ, ಒಲೆಯಲ್ಲಿ. ಅಣ್ಣತಮ್ಮಂದಿರು ಹೊಡೆದಾಡಿ ತಲೆ ಒಡೆದುಕೊಂಡರೂ ಒಲೆ ಒಂದಿದ್ದರೆ ಮನೆ ಒಂದೇ. ಒಬ್ಬ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಮಡಕೆ ಇಟ್ಟನೋ, ಮುಗಿಯಿತು, ಮನೆ ಒಡೆಯಿತು. ಆಮೇಲೆ ಮಾಡುವ ಪತ್ರಗಿತ್ರ ಎಲ್ಲ ಸರ್ಕಾರದ ಸಮಾಧಾನಕ್ಕೆ. ಇದು ನಮ್ಮೂರಿನ ಮೂರು ವರ್ಷದ ಮಗುವಿಗೂ ಗೊತ್ತು. ಚಿಕ್ಕಸಿದ್ದಯ್ಯನಿಗೂ ಗೊತ್ತು. ಆದರೆ ಗೊತ್ತಿರುವುದು ಬೇಕಾದ ಹೊತ್ತಿಗೆ ನೆನಪಾಗುವ ಅಭ್ಯಾಸ ಅವನಿಗಿಲ್ಲ.

ನನ್ನ ಮಿಲ್ಲಿಗೆ ಮೊದಲು ಓಡಿ ಬಂದವಳು ಅವರ ಹಿತ್ತಲ ಪಕ್ಕದ ಪುಟ್ಟಮಲ್ಲಮ್ಮ. ಕೈಯಲ್ಲಿ ರಾಗಿ ಇರಲಿಲ್ಲ, ಅಂದರೆ ಬರೀ ಸುದ್ದಿ.

"ಚೆನ್ನಣ್ಣೋ, ಮಿಲ್ಲು ನಿಲ್ಸು. ಆ ಮನೇಲಿ ಆರು ಒಲೆ ಉರೀತಾವ!"

"ಆರಾ?"

"ಆರು! ಗೋಡೆ ಮ್ಯಾಲೆ ಅತ್ತಿ ನನ್ ಕಣ್ಣಾರ ಎಣಿಸ್ದಿ. ಅವ್ವಂದೊಂದು, ತಮ್ಮಂದೊಂದು, ಹಸಿ ಬಾಣಂತಿ ಅವಳ್ದೊಂದು. ಗಂಡ ಹೆಂಡ್ರುಗೇ ಬೇರೆ ಬೇರೆ ಕಣಣ್ಣಾ! ಸಿದ್ದಯ್ಯ ಹಿತ್ತಲಲ್ಲಿ, ಶಿವಮ್ಮ ಒಳಗ. ಮದ್ವೆ ಆಗ್ದೆ ಇರೋ ಎಣ್ಮಗೀಗೂ ಪಾಲು ಕೊಟ್ಟು ಒಂದು ಒಲೆ ಆಕೊಟ್ಟವ್ನ!"

ಹಿಟ್ಟಿಗೆ ಕಾಯುತ್ತಿದ್ದವರೆಲ್ಲ ಎದ್ದು ಬಾಗಿಲಿಗೆ ಬಂದರು. ಅಣ್ಣತಮ್ಮ ಬೇರೆಯಾಗುವುದನ್ನು ಕಂಡಿದ್ದೆವು. ಅತ್ತೆ ಸೊಸೆ ಬೇರೆಯಾಗುವುದನ್ನು ದಿನಾ ಕಾಣುತ್ತಿದ್ದೆವು. ಆರು ಜನರ ಮನೆ ಆರು ಪಾಲಾದದ್ದು ಇತಿಹಾಸದಲ್ಲೇ ಮೊದಲು.

"ಜಿಲ್ಲೆನೇ ಪಾಲಾಗೋಯ್ತಂತೆ, ಇನ್ ಮನೆ ನಿಲ್ತದಾ," ಅಂತ ಒಬ್ಬರು ನಿಟ್ಟುಸಿರು ಬಿಟ್ಟರು. ಅಷ್ಟು ಹೊತ್ತಿಗೆ ಪುಟ್ಟಮಲ್ಲಮ್ಮ ಮುಂದಿನ ಬೀದಿ ತಲುಪಿದ್ದಳು.

ಆ ಭಾನುವಾರ ಬೀದಿಯ ಯಜಮಾನ ಶಿವನಂಜಯ್ಯ ಹೆಗಲ ಮೇಲೆ ಅಳತೆಯ ಹಗ್ಗ ಹಾಕಿಕೊಂಡು ಬಂದರು. ಹನೂರಿನ ಅರ್ಧ ಮನೆಗಳ ನಡುಗೋಡೆ ಎಬ್ಬಿಸಿದ ಕೀರ್ತಿ ಅವರದು. ಯಾರ ಮನೆಯಲ್ಲಾದರೂ ಅಣ್ಣತಮ್ಮ ಚೆನ್ನಾಗಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಹಿಂದೆಯೇ ಗ್ರಾಮಲೆಕ್ಕಿಗ ಸದಾಶಿವಪ್ಪನವರು ಬಂದರು. ಒಲೆ ಬೇರೆಯಾದರೆ ರೇಷನ್ ಕಾರ್ಡು ಬೇರೆ, ಸೀಮೆಎಣ್ಣೆ ಬೇರೆ, ನೋಡಲೇಬೇಕು ಅಂದರು. ನಾನೂ ಹೋದೆ. ನನ್ನನ್ನು ಬಾ ಅಂದವರಿಲ್ಲ, ಬೇಡ ಅಂದವರೂ ಇಲ್ಲ.

ಚಿಕ್ಕಸಿದ್ದಯ್ಯ ಹಿಗ್ಗಿ ಹೋದ. ತನ್ನ ಯೋಜನೆ ನೋಡಲು ದೊಡ್ಡವರೇ ಬಂದಿದ್ದಾರೆ!

"ಬನ್ನಿ ಬನ್ನಿ. ಎಲ್ಲಾರಿಗೂ ಬೇರೆ ಬೇರೆ ಮಾಡ್ಬುಟ್ಟೆ ಕಣಣ್ಣಾ. ತಡ ಮಾಡಿದ್ದೇ ತಪ್ಪು, ಹತ್ತು ವರ್ಷದ ಹಿಂದೇನೇ ಮಾಡಬೇಕಾಗಿತ್ತು."

ಶಿವನಂಜಯ್ಯ ಹಗ್ಗ ಸವರಿಕೊಂಡರು. "ಜಗಳ ಗಿಗಳ ಏನೂ ಆಗಲಿಲ್ವೋ?"

"ಯಾಕಾದಾತು? ಡಾಕ್ಟ್ರೇ ಮಾಡಿ ಅಂದ್ರು."

ಸದಾಶಿವಪ್ಪ ಬೆಚ್ಚಿದರು. ಈಗ ಡಾಕ್ಟರುಗಳು ಈ ಕೆಲಸಕ್ಕೂ ಇಳಿದರೆ ನಮ್ಮ ಗತಿಯೇನು ಅನ್ನುವ ಚಿಂತೆ ಅವರ ಹಣೆಯ ಮೇಲೆ ಕಾಣಿಸಿತು.

"ಅದಿರ್ಲಿ," ಅಂದರು ಶಿವನಂಜಯ್ಯ, "ಹೆತ್ತವ್ವಂಗ ಏನು ಕೊಟ್ಟೆ?"

"ಅವ್ವಂಗಾ? ಒಂದ್ ಹಿಡಿ ಸೊಪ್ಪು, ನಿಂಬೆಹಣ್ಣಿನ ಗಾತ್ರ ಮುದ್ದೆ. ಬೇರೇನೂ ಇಲ್ಲ."

"ಬೇರೇನೂ ಇಲ್ವಾ!"

"ಒಂಚೂರೂ ಇಲ್ಲ. ಕೇಳುದ್ರೂ ಕೊಡಲ್ಲ ನಾನು. ಆಸೆ ಪಡ್ತಾಳ, ಅಳ್ತಾಳ, ನಾನು ಕರಗೋದೇ ಇಲ್ಲ."

ಶಿವನಂಜಯ್ಯ ತಮ್ಮ ಜೀವಮಾನದಲ್ಲಿ ಎಷ್ಟೋ ಮಕ್ಕಳು ತಾಯಂದಿರಿಗೆ ಅನ್ಯಾಯ ಮಾಡುವುದನ್ನು ಕಂಡವರು. ಇಷ್ಟು ನಗುನಗುತ್ತಾ ಮಾಡುವವನನ್ನು ಕಂಡಿರಲಿಲ್ಲ. ಬಾಯಿಗೆ ಟವಲು ಅಡ್ಡ ಹಿಡಿದರು. ಸದಾಶಿವಪ್ಪ ಅಷ್ಟರಲ್ಲಿ ಒಂದೊಂದೇ ಒಲೆಯ ಮುಂದೆ ನಿಂತು ಈ ಒಲೆಗೆ ಯಜಮಾನರು ಯಾರು, ಈ ಒಲೆಗೆ ಯಜಮಾನರು ಯಾರು ಅಂತ ವಿಚಾರಿಸುತ್ತಿದ್ದರು. ಹುರಿಹಿಟ್ಟಿನ ಒಲೆಯ ಹತ್ತಿರ ಬಂದಾಗ ಪುಟ್ಟಮಾದಮ್ಮ ಬಾಯಿ ಒರೆಸಿಕೊಂಡು, "ಇದಕ್ಕ ನಾನೇ ಯಜಮಾನಿ ಕಣ್ ಸಾ, ಬರ್ಕಳಿ," ಅಂದಳು.

ಚಿಕ್ಕಸಿದ್ದಯ್ಯನಿಗೆ ಆಗಲೂ ಏನೂ ತಿಳಿಯಲಿಲ್ಲ. ಸರ್ಕಾರ ತನ್ನ ಪಥ್ಯದ ಒಲೆಗೆ ಸೀಮೆಎಣ್ಣೆ ಕೊಡುತ್ತದಂತೆ, ಎಂಥಾ ಕಾಳಜಿ ಅಂತ ನನಗೆ ಹೇಳಿ ಕಣ್ಣಲ್ಲಿ ನೀರು ತಂದುಕೊಂಡ. ತಿಳಿದದ್ದು ಅವನ ಅಕ್ಕ ಬಂದ ಮೇಲೆ.

ಅಕ್ಕ ಚಿಕ್ಕತಾಯಮ್ಮನನ್ನು ಕೌದಳ್ಳಿಗೆ ಕೊಟ್ಟಿತ್ತು. ಸುದ್ದಿ ಮಾದಪ್ಪನ ಬೆಟ್ಟದ ಬಸ್ಸಿನಲ್ಲಿ ಹೋಯಿತು, ಆಕೆ ವಾಪಸು ಬರುವ ಬಸ್ಸಿನಲ್ಲಿ ಬಂದಳು. ಬೀದಿಯ ತುದಿಯಿಂದಲೇ ಅಳು ಶುರು. ಬಂದವಳು ಯಾರನ್ನೂ ಮಾತಾಡಿಸಲಿಲ್ಲ. ನೇರ ಬಚ್ಚಲಿಗೆ ಹೋಗಿ ತಾಮ್ರದ ಹಂಡೆಯನ್ನು ತಬ್ಬಿಕೊಂಡು ಕೂತುಬಿಟ್ಟಳು.

"ಆರು ಪಾಲು ಮಾಡ್ದಲ್ಲೋ ಸಿದ್ದ, ಏಳನೇದು ಮಾಡಕ್ಕ ನಿನ್ ಕೈ ಬರ್ನಿಲ್ವಾ? ನಾನೇನು ಈ ಅವ್ವನ ಹೊಟ್ಟೇಲಿ ಉಟ್ನಿಲ್ವಾ? ನಿನ್ ಮಗಳಿಗ ಪಾಲು ಅದಂತ, ನಂಗ ಇಲ್ವಂತ! ಈ ಹಂಡೆ ಬುಡಲ್ಲ ಕಣ್ಲಾ, ಸತ್ರೂ ಬುಡಲ್ಲ."

"ಯಾವ ಪಾಲಕ್ಕಾ? ಯಾರು ಪಾಲಾದ್ರು?" ಅಂದ ಚಿಕ್ಕಸಿದ್ದಯ್ಯ.

ಬೀದಿಯೇ ಬಾಗಿಲಲ್ಲಿ ನಿಂತಿತ್ತು. ಯಾರಿಗೂ ಉತ್ತರ ಹೇಳುವ ಮನಸ್ಸಿರಲಿಲ್ಲ, ಇಷ್ಟು ಒಳ್ಳೆಯ ನಾಟಕ ಬೇಗ ಮುಗಿದು ಹೋದೀತು ಅಂತ. ಅಷ್ಟರಲ್ಲಿ ಮಾದೇಶ ಹೊಲದಿಂದ ಬಂದ. ಅವನಿಗೂ ದಾರಿಯಲ್ಲಿ ಶಿವನಂಜಯ್ಯ ಸಿಕ್ಕಿ, ಮೇಲಿನ ಹೊಲ ಕೇಳು, ಕೆಳಗಿನದು ಬೇಡ ಅಂತ ಬುದ್ಧಿ ಹೇಳಿ ಕಳಿಸಿದ್ದರು. ಮಾದೇಶ ಗುದ್ದಲಿ ಕೆಳಗಿಟ್ಟ.

"ಅಣ್ಣೋ. ಹೊಟ್ಟೆ ಹುಣ್ಣಿನ ನೆಪ ಮಾಡ್ಕಂಡು ನನ್ನ ಬೇರೆ ಹಾಕ್ದಾ ನೀನು? ಒಂದ್ ಮಾತು ಹೇಳಿದ್ರೆ ನಾನೇ ಹೋಯ್ತಿದ್ನಲ್ಲ."

ಚಿಕ್ಕಸಿದ್ದಯ್ಯ ತಮ್ಮನನ್ನು ನೋಡಿದ, ಹಂಡೆಯನ್ನು ನೋಡಿದ, ಹಿತ್ತಲಿನ ಹೊಗೆಯನ್ನು ನೋಡಿದ. ಮೂರು ಮೂರು ಕಲ್ಲಿನ ಅರ್ಥ ಆಗ ಅವನ ತಲೆಗೆ ಹೊಕ್ಕಿತು. ಓಡಿ ಹೋಗಿ ಒಲೆಯ ಕಲ್ಲುಗಳನ್ನು ಕಿತ್ತು ಬೇಲಿಯಾಚೆ ಎಸೆಯತೊಡಗಿದ. ಬಿಸಿ ಕಲ್ಲು ಅನ್ನುವುದು ಎರಡನೆಯದನ್ನು ಹಿಡಿದಾಗ ನೆನಪಾಯಿತು.

ಆದರೆ ಸುದ್ದಿಯನ್ನು ಕಿತ್ತು ಎಸೆಯುವುದು ಹೇಗೆ? ಅದು ಶಾಗ್ಯ ತಲುಪಿಯಾಗಿತ್ತು. ಶಾಗ್ಯದ ಮಾದಣ್ಣನವರ ಎರಡನೇ ಮಗನಿಗೆ ದೀಪಳನ್ನು ಕೊಡುವ ಮಾತು ನಡೆದಿತ್ತು. ಹುಡುಗ ಗೋಪಿನಾಥಂನಲ್ಲಿ ಮೇಷ್ಟ್ರು. ಹೆಣ್ಣು ನೋಡಲು ಬಂದ ದಿನ ಆ ಕಡೆ ಹೋಗುವ ಬಸ್ಸು ತಪ್ಪಿ, ಸಂಜೆಯವರೆಗೂ ಈ ಮನೆಯ ಜಗಲಿಯ ಮೇಲೆ ಕೂತಿದ್ದ. ದೀಪ ನೀರು ಕೊಡುವ ನೆಪದಲ್ಲಿ ಹತ್ತು ಸಲ ಓಡಾಡಿದಳು. ಅವನೂ ಹತ್ತು ಸಲವೂ ಕುಡಿದ. ಅದಕ್ಕಿಂತ ಹೆಚ್ಚು ಒಪ್ಪಿಗೆ ಯಾರಿಗೆ ಬೇಕು?

ಬಸ್ಸಿನ ಕಂಡಕ್ಟರ ಬಾಯಲ್ಲಿ ಮಾದಣ್ಣನವರು ಹೇಳಿ ಕಳಿಸಿದರು: ಸಂಬಂಧ ಬೇಡ, ಬೇರೆ ಕಡೆ ನೋಡಿಕೊಳ್ಳಿ. ದೀಪ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೆ ಕರೆದರೆ ಒಳಗಿನಿಂದ ಒಂದೇ ಮಾತು. "ಅಪ್ಪನ್ನ ಕೇಳಿ, ನನಗ ಯಾವ ಮಡಕೆ ಅಂತ."

ಶಿವಮ್ಮ ಗಂಡನ ಮುಂದೆ ಬಂದು ನಿಂತಳು. ಬೈಯಲಿಲ್ಲ. "ನನ್ ಮಗಳು ಆ ಹುಡುಗನ್ನ ಮನಸ್ಸಲ್ಲಿ ಇಟ್ಕಂಡದ. ಈ ಸಂಬಂಧ ಏನಾರ ಮುರೀತು, ಅವತ್ತು ನಾನೇ ಮೂರು ಕಲ್ಲು ಹೂಡ್ತೀನಿ. ಪಥ್ಯಕ್ಕಲ್ಲ," ಅಂದಳು. ಹೆಂಡತಿ ಬೈದರೆ ತಡೆದುಕೊಳ್ಳಬಹುದು, ಹೀಗೆ ಮೆಲ್ಲಗೆ ಮಾತಾಡಿದರೆ ಗಂಡಸರ ಕೈಕಾಲು ತಣ್ಣಗಾಗುತ್ತದೆ. ಮಾರನೆಯ ಬೆಳಿಗ್ಗೆ ಚಿಕ್ಕಸಿದ್ದಯ್ಯ ನನ್ನನ್ನು ಎಳೆದುಕೊಂಡು ಶಾಗ್ಯಕ್ಕೆ ಹೋದ.

ಮಾದಣ್ಣನವರು ಜಗಲಿಯ ಮೇಲೆ ಕೂತಿದ್ದರು. ಗಟ್ಟಿ ಆಳು, ಮಾತು ಕಡಿಮೆ. ಚಿಕ್ಕಸಿದ್ದಯ್ಯ ಸಕ್ಕರೆ, ಹುಣ್ಣು, ವಾಯು, ಬಿ.ಪಿ., ಚಾಕಿ ಹುಳು ಎಲ್ಲ ಹೇಳಿದ. ಅವರು ಎಲ್ಲವನ್ನೂ ಕೇಳಿ ಎಲೆಯಡಿಕೆ ಉಗಿದು ಬಂದರು.

"ನೋಡಿ ಚಿಕ್ಕಸಿದ್ದಯ್ಯನವ್ರೇ. ನನಗ ನಾಕು ಗಂಡು ಮಕ್ಕಳು, ಒಂದೇ ಒಲೆ. ಒಬ್ಬೊಬ್ಬರಿಗ ಒಂದೊಂದು ಒಲೆ ಇರೋ ಮನೇಲಿ ಬೆಳ್ದ ಎಣ್ಣ ತಂದ್ರ, ನನ್ ಮನಗೂ ಮೂರು ಕಲ್ಲು ತಕ್ಕಂಡೇ ಬತ್ತದ. ನೀವು ಪಥ್ಯ ಅಂತೀರಿ, ಊರು ಪಾಲು ಅಂತದ. ಯಾರ್ ಮಾತ ನಂಬ್ಲಿ ನಾನು?"

"ಬಂದು ಕಣ್ಣಾರ ನೋಡಿ ಸ್ವಾಮಿ," ಅಂದ ಚಿಕ್ಕಸಿದ್ದಯ್ಯ ಕೈ ಮುಗಿದು.

ಮಾದಣ್ಣನವರು ಒಂದೊಂದೇ ಬೆರಳು ಮಡಿಚುತ್ತಾ ಕರಾರು ಹೇಳಿದರು. "ಸರಿ, ಬುಧವಾರ ಬತ್ತೀನಿ. ಒಂದು ಒಲೆ, ಒಂದು ಮಡಕೆ. ನಿಮ್ಮನೇರೆಲ್ಲಾ ನನ್ ಜೊತೇಲಿ ಒಂದೇ ಸಾಲಲ್ಲಿ ಕೂತು ಉಣ್ಬೇಕು. ಆ ಮಡಕೇಲಿ ಇರೋದು ಬುಟ್ಟು ಎಲೆಗ ಬೇರೆ ಏನೂ ಬೀಳ್ಕೂಡ್ದು. ಯಾರಾರ ಒಬ್ಬರು ಬ್ಯಾಡ ಅಂತ ಎದ್ರೋ, ನಾನೂ ಎದ್ದು ಹೊಂಟೆ."

ಇಷ್ಟು ಸುಲಭದ ಪರೀಕ್ಷೆ ಯಾರಿಗುಂಟು! ಒಂದು ಮಡಕೆ ಅವರೆಕಾಳಿನ ಸಾರು ಮಾಡಿ ಬಡಿಸಿದ್ದರೆ ಅವತ್ತೇ ವೀಳ್ಯ ಬದಲಾಗುತ್ತಿತ್ತು. ಬಸ್ಸಿನಲ್ಲಿ ನಾನು ಅದನ್ನೇ ಹೇಳಿದೆ. ಚಿಕ್ಕಸಿದ್ದಯ್ಯ ನನ್ನನ್ನು ಕನಿಕರದಿಂದ ನೋಡಿದ.

"ಅಂಗಾರೆ ಡಾಕ್ಟ್ರ ಮಾತು ಸುಳ್ಳು ಅಂದಂಗಾಯ್ತಲ್ಲೋ ಚೆನ್ನ. ಪಥ್ಯ ಅಂತ ನಾನೇ ಹೇಳಿ, ಅವರ ಮುಂದೇನೇ ಅವ್ವಂಗ ಬೆಲ್ಲ, ತಮ್ಮಂಗ ಖಾರ ಬಡಿಸಿದ್ರೆ, ನೋಡಿ ಪಥ್ಯವೂ ಸುಳ್ಳು, ಪಾಲೇ ನಿಜ ಅನ್ನಲ್ವಾ ಅವರು? ಇದಕ್ಕೆ ಒಂದೇ ದಾರಿ. ಆರು ಜನಕ್ಕೂ ಆಗೋ ಒಂದು ಅಡುಗೆ!"

ಹೇಳಿ ಕಣ್ಣು ಮುಚ್ಚಿ ಲೆಕ್ಕ ಹಾಕತೊಡಗಿದ.

ಬುಧವಾರ ಬೆಳಿಗ್ಗೆ ಹೆಂಡತಿಯನ್ನೂ ಮಗಳನ್ನೂ ಪೂಜೆ ಮಾಡಿಸಿಕೊಂಡು ಬನ್ನಿ ಅಂತ ದೇವಸ್ಥಾನಕ್ಕೆ ಕಳಿಸಿದ. ಪುಷ್ಪ ಕೂಸಿನ ಜೊತೆ ಕೋಣೆಯಲ್ಲಿದ್ದಳು. ತಾನೇ ಸೌಟು ಹಿಡಿದು ನಿಂತ. ತನಗಾಗದ್ದು ಉಪ್ಪು, ತೆಗೆದ. ತಮ್ಮನಿಗಾಗದ್ದು ಖಾರ, ತೆಗೆದ. ತಾಯಿಗಾಗದ್ದು ಬೆಲ್ಲ ಅಕ್ಕಿ, ತೆಗೆದ. ಬಾಣಂತಿಗಾಗದ್ದು ಬೇಳೆ ಕಾಳು ಗೆಡ್ಡೆ ಬದನೆ ಸೋರೆ, ತೆಗೆದ. ಹೆಂಡತಿಗಾಗದ್ದು ಬಾಡು ಮೊಟ್ಟೆ, ತೆಗೆದ. ಹುಳಿ ಹುಣ್ಣಿಗೆ ಆಗದು ಅಂತ ಯಾರೋ ಹೇಳಿದ್ದು ನೆನಪಾಗಿ ಹುಣಸೆಯನ್ನೂ ತೆಗೆದ. ಇಷ್ಟೆಲ್ಲ ತೆಗೆದ ಮೇಲೆ ನಮ್ಮ ದೇಶದಲ್ಲಿ ಉಳಿಯುವುದು ರಾಗಿ ಹಿಟ್ಟು, ಸಬ್ಬಸಿಗೆ ಸೊಪ್ಪು, ನೀರು. ಮೂರನ್ನೂ ಒಟ್ಟಿಗೆ ದೊಡ್ಡ ಮಡಕೆಗೆ ಹಾಕಿ ಕುದಿಸಿದ. ಕಪ್ಪೂ ಅಲ್ಲದ ಹಸಿರೂ ಅಲ್ಲದ ಒಂದು ಪದಾರ್ಥ ಗುಳುಗುಳು ಅಂತ ಗುಳ್ಳೆ ಬಿಡತೊಡಗಿತು. ಅದಕ್ಕೆ ಇಂದಿಗೂ ಕನ್ನಡದಲ್ಲಿ ಹೆಸರಿಲ್ಲ.

ಶಿವಮ್ಮ ದೇವಸ್ಥಾನದಿಂದ ಬರುವುದೂ ಶಾಗ್ಯದವರು ಬಂದು ಇಳಿಯುವುದೂ ಒಟ್ಟಿಗೇ ಆಯಿತು. ಮಾದಣ್ಣನವರು, ಅವರ ಮಗ ಮೇಷ್ಟ್ರು, ಸಾಕ್ಷಿಗೆ ಅಂತ ಅವರೇ ಕರೆಸಿದ ಶಿವನಂಜಯ್ಯ ಮತ್ತು ಸದಾಶಿವಪ್ಪ. ಮಾದಣ್ಣನವರು ಮೊದಲು ಹಿತ್ತಲಿಗೆ ಹೋಗಿ ನೋಡಿದರು. ಕಲ್ಲಿರಲಿಲ್ಲ, ಬೂದಿ ಇತ್ತು. ಆಮೇಲೆ ಅಡುಗೆ ಮನೆಗೆ ಬಂದು ಮಡಕೆಯೊಳಗೆ ಇಣುಕಿದರು. ಬಹಳ ಹೊತ್ತು ಇಣುಕಿದರು. ಆಮೇಲೆ ಬಂದು ಎಲೆಯ ಮುಂದೆ ಕೂತರು. ಅವರ ಹಿಂದೆಯೇ ಇಣುಕಿದ ಶಿವಮ್ಮ ಉಪ್ಪಿನ ಮರಿಗೆಗೆ ಕೈ ಹಾಕಿದಳು. ಎಲೆಗೆ ಬೇರೇನೂ ಬೀಳಕೂಡದು ಅನ್ನುವ ಕರಾರು ನೆನಪಾಗಿ ಕೈ ಹಿಂದಕ್ಕೆ ತೆಗೆದು, ಗಂಡನ ಕಡೆ ಒಮ್ಮೆ ನೋಡಿದಳು. ಆ ನೋಟವನ್ನು ನಾನು ವರ್ಣಿಸುವುದಿಲ್ಲ, ನನಗೂ ಹೆಂಡತಿ ಇದ್ದಾಳೆ.

ಒಂದೇ ಸಾಲು. ಪುಟ್ಟಮಾದಮ್ಮ, ಹಂಡೆ ಬಿಟ್ಟು ಬಂದ ಚಿಕ್ಕತಾಯಮ್ಮ, ಮಾದೇಶ, ಕೂಸು ಮಡಿಲಲ್ಲಿ ಪುಷ್ಪ, ಚಿಕ್ಕಸಿದ್ದಯ್ಯ. ಆಮೇಲೆ ಬೀಗರಾಗುವವರು, ಸಾಕ್ಷಿಗಳು, ಕೊನೆಯಲ್ಲಿ ನಾನು. ನನ್ನನ್ನು ಯಾಕೆ ಕೂರಿಸಿದರೋ ನನಗೆ ಇನ್ನೂ ತಿಳಿದಿಲ್ಲ. ಶಿವಮ್ಮ ಎಲ್ಲರ ಎಲೆಗೂ ಒಂದೊಂದು ಸೌಟು ಆ ಪದಾರ್ಥ ಹಾಕಿ, ತಾನೂ ದೀಪಳೂ ಸಾಲಿನಲ್ಲಿ ಕೂತರು.

ಮಾದಣ್ಣನವರು ಮೊದಲ ತುತ್ತು ಬಾಯಿಗಿಟ್ಟರು. ದವಡೆ ಒಂದು ಸಲ ಆಡಿ ನಿಂತಿತು. ನಮ್ಮ ಕಡೆ ಉಪ್ಪು ಹಾಕದ ಎಡೆ ಇಡುವುದು ಸತ್ತವರಿಗೆ. ಬೀಗತನಕ್ಕೆ ಬಂದವರಿಗೆ ಅದನ್ನು ಬಡಿಸಿದ ಮನೆ ಯಾವುದೂ ಇಲ್ಲ. ಶಿವನಂಜಯ್ಯನವರ ಮುಖ ಅರಳಿತು, ಈ ಸಂಬಂಧ ಮುರಿದರೆ ಹಗ್ಗಕ್ಕೆ ಕೆಲಸ ಸಿಕ್ಕೀತು ಅಂತ. ಆದರೆ ಅದೇ ಹೊತ್ತಿಗೆ ತಮ್ಮ ಬಾಯೊಳಗಿನ ತುತ್ತಿನ ನೆನಪಾಗಿ ಆ ಸಂತೋಷವೂ ಕೆಟ್ಟಿತು.

ಮನೆಯವರ ಕಡೆ ಮಾದಣ್ಣನವರ ಕಣ್ಣು ಹೋಯಿತು. ಒಬ್ಬರಾದರೂ ಎಲೆ ಬಿಟ್ಟು ಏಳುತ್ತಾರೆ ಅಂತ ಕಾದರು. ಎಲ್ಲರ ಕೈಯೂ ಎಲೆಯ ಮೇಲೆಯೇ ನಿಂತಿತ್ತು. ದೀಪ ತಲೆ ತಗ್ಗಿಸಿದ್ದಳು, ಅವಳ ಕಣ್ಣಿಂದ ಒಂದು ಹನಿ ಎಲೆಗೆ ಬಿತ್ತು. ಅದನ್ನು ನೋಡಿದವನು ಮಾದೇಶ. ಅಣ್ಣನ ಮೇಲೆ ಆ ಕ್ಷಣದವರೆಗೂ ಮುಖ ಗಂಟಿಕ್ಕಿಕೊಂಡಿದ್ದವನು ಒಂದು ದೊಡ್ಡ ತುತ್ತು ಕಟ್ಟಿ ನುಂಗಿದ. ಅದು ಗಂಟಲಿಂದ ಕೆಳಗಿಳಿಯುವುದು ನಮಗೆಲ್ಲ ಕಂಡಿತು.

"ಅಣ್ಣ ಮಾಡಿರೋದು ಚೆನ್ನಾಗದ. ಅತ್ಗಮ್ಮ, ಇನ್ನೊಂದ್ ಸೌಟು ಇಕ್ಕಿ," ಅಂದ.

"ನಂಗೂವೆ," ಅಂದಳು ಪುಷ್ಪ.

ಚಿಕ್ಕತಾಯಮ್ಮ ತಮ್ಮಂದಿರನ್ನು ನೋಡಿದಳು. ಮೂಗು ಒರೆಸಿಕೊಂಡು, "ನಮ್ಮ ಸಿದ್ದ ಚಿಕ್ಕಂದಿಂದ್ಲೂ ಅಡಿಗೇಲಿ ಗಟ್ಟಿಗ," ಅಂತ ಹಸಿ ಹಸಿ ಸುಳ್ಳು ಹೇಳಿ ಬಾಯಿ ತುಂಬ ಹಾಕಿಕೊಂಡಳು. ಪುಟ್ಟಮಾದಮ್ಮ ಅಷ್ಟು ದಿನದ ಹುರಿಹಿಟ್ಟನ್ನು ಮನಸ್ಸಿನಲ್ಲಿ ನೆನೆದುಕೊಳ್ಳುತ್ತಾ ಕಣ್ಣು ಮುಚ್ಚಿ ಉಂಡಳು. ಶಿವಮ್ಮ ಉಂಡಳು. ಮೇಷ್ಟ್ರು ಪಾಪ, ದೀಪಳ ಕಡೆ ನೋಡುತ್ತಾ, ಏನು ತಿನ್ನುತ್ತಿದ್ದೇನೆ ಅನ್ನುವ ಪ್ರಜ್ಞೆಯೇ ಇಲ್ಲದೆ ಎಲೆ ಖಾಲಿ ಮಾಡಿದ. ಎದ್ದರೆ ಮನೆ ಒಡೆದ ಅಪವಾದ ತಮ್ಮ ತಲೆಗೆ ಬರುತ್ತದೆ ಅಂತ ಹೆದರಿ ಸದಾಶಿವಪ್ಪನವರೂ ಸರ್ಕಾರದ ಪರವಾಗಿ ಉಂಡರು. ಸತ್ಯವಾಗಿ ಹೇಳುತ್ತೇನೆ, ನನ್ನ ಮಿಲ್ಲಿನ ನೆಲ ಗುಡಿಸಿದ ಹಿಟ್ಟಿಗೂ ಅದಕ್ಕಿಂತ ರುಚಿ ಇರುತ್ತದೆ.

ಎಲ್ಲರ ಎಲೆಯೂ ಬರಿದಾಗುವವರೆಗೆ ಮಾದಣ್ಣನವರು ಒಬ್ಬೊಬ್ಬರನ್ನೇ ನೋಡುತ್ತಾ ತಾವೂ ಉಂಡರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ನನ್ ಮನೇಲಿ ಒಂದೇ ಒಲೆ ಅಂದ್ನಲ್ಲ. ಸಾರಿಗ ಒಂಚೂರು ಉಪ್ಪು ಕಮ್ಮಿ ಬಿದ್ರೆ ನಾಕು ಮಕ್ಕಳೂ ನಾಕು ದಿಕ್ಕಿಗ ತಟ್ಟೆ ಎಸೀತಾರ. ಇಂಥಾ ಊಟವ ಒಬ್ಬರೂ ಕಮಕ್ ಕಿಮಕ್ ಅನ್ದೆ, ಒಬ್ಬರಿಗಾಗಿ ಒಬ್ಬರು ಉಂಡ್ರಲ್ಲ, ಈ ಮನೆಯ ಯಾರು ಒಡೆಯಕ್ಕಾದದು? ಶಿವನಂಜಯ್ಯನವ್ರೇ, ನಿಮ್ ಹಗ್ಗ ತಕ್ಕಂಡು ಹೊಂಡಿ. ಎಣ್ಣು ನಮ್ದು."

ದೀಪ ತಲೆ ಎತ್ತಿದಳು. ಅಳುತ್ತಾ ನಗುತ್ತಿದ್ದಳು, ನಮಗೆಲ್ಲ ನೋಡಿ ಸಂತೋಷವಾಯಿತು. ಮಾದೇಶ ಅಣ್ಣನ ಬೆನ್ನಿಗೆ ಒಂದು ಗುದ್ದಿದ. ಪ್ರೀತಿಯ ಗುದ್ದೇ, ಆದರೆ ಮೂರು ದಿನದ ಸಿಟ್ಟೂ ಅದರಲ್ಲಿ ಸೇರಿತ್ತು. ಚಿಕ್ಕಸಿದ್ದಯ್ಯ ಮಾತ್ರ ಇದೆಲ್ಲ ತನ್ನ ಪಾಕವಿಧಾನದ ಗೆಲುವು ಅಂತ ತಿಳಿದು, "ಮದುವೆಗೂ ಇದನ್ನೇ ಮಾಡಿಸೋಣ ಬೀಗರೇ, ಸಾವಿರ ಜನಕ್ಕೂ ಒಂದೇ ಮಡಕೆ," ಅಂದ.

"ಮದ್ವೆ ದಿನ ನೀವು ಅಡಿಗೆ ಮನೆ ಬಾಗಿಲು ದಾಟುದ್ರೆ ಮದ್ವೆ ನಿಲ್ಸ್ತೀನಿ," ಅಂದರು ಮಾದಣ್ಣನವರು. "ಕರಾರು ಮುಗೀತಲ್ಲ, ಈಗಾರ ಉಪ್ಪು ತತ್ತಾ ತಾಯಿ. ಮಡಕೇಲಿ ಇನ್ನೂ ಅದ, ಉಂಡೇ ಹೋಯ್ತೀನಿ."

ದೀಪ ಎದ್ದು ಓಡಿ ಉಪ್ಪು, ಉಪ್ಪಿನಕಾಯಿ, ಹುರಿದ ಮೆಣಸಿನಕಾಯಿ ಎಲ್ಲ ತಂದಳು. ಮಾವನಿಗೆ ಬಡಿಸಿದಳು, ಮೇಷ್ಟ್ರಿಗೆ ಎರಡು ಸಲ ಬಡಿಸಿದಳು. ಸಾಕ್ಷಿಗಳಿಗೆ, ನನಗೆ, ಅತ್ತೆಗೆ, ಚಿಕ್ಕಪ್ಪನಿಗೆ, ಚಿಕ್ಕಮ್ಮನಿಗೆ, ಅಜ್ಜಿಗೆ ಬಡಿಸುತ್ತಾ ಬಂದಳು. ಎಲೆಗಳಿಗೆ ಜೀವ ಬಂತು, ಮಾತು ನಗು ಶುರುವಾಯಿತು. ಚಿಕ್ಕಸಿದ್ದಯ್ಯನೂ ಎಲೆಯಲ್ಲಿ ಜಾಗ ಮಾಡಿಕೊಂಡು ಕೈ ಚಾಚಿದ. ದೀಪ ಉಪ್ಪು ಹಿಡಿದು ಬಗ್ಗಿದಳು.

"ಅವ್ರಿಗ ಬ್ಯಾಡ ಕಣವ್ವಾ," ಅಂದಳು ಶಿವಮ್ಮ, ತನ್ನ ಎಲೆಗೆ ಉಪ್ಪಿನಕಾಯಿ ಹಾಕಿಕೊಳ್ಳುತ್ತಾ. "ಅವ್ರಿಗ ಬಿ.ಪಿ."

ದೀಪ ಅಪ್ಪನ ಮುಖ ನೋಡಿದಳು, ಅವ್ವನ ಮುಖ ನೋಡಿದಳು, ಉಪ್ಪು ತೆಗೆದುಕೊಂಡು ಮುಂದಕ್ಕೆ ಹೋದಳು.